ಯಾರೂ ಸಾಯದ ಸಿನಿಮಾ

ಒಂದು ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ಅದನ್ನು ಪೂರ್ತಿ ನೋಡಿರಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ನನಗೆ ತಿಳಿಯದು. ಮಾಡಿದವರ ಎದೆ ಗಟ್ಟಿಯಿದ್ದಿರಬೇಕು. ಕಳೆದ ನಾಲ್ಕೈದು ವರ್ಷಗಳಲ್ಲಿ ತಮಿಳುಸೀಮೆಯ ನಮ್ಮ ಬೋಡಿನಾಯಕನೂರಿಗೆ ಬಂದ ಸಿನಿಮಾಗಳಲ್ಲಿ ನಾನು ಅಭಿಪ್ರಾಯ ಹೇಳದೆ ಬಿಟ್ಟದ್ದು ಒಂದೋ ಎರಡೋ ಇರಬಹುದು. ನನ್ನ ಮಾತು ಕೇಳಿ ಹೋದವರಿದ್ದಾರೆ, ಹೋಗದೆ ಉಳಿದವರಿದ್ದಾರೆ. ಆದರೆ ಅವುಗಳ ಕೊನೆಯನ್ನು ನಾನು ಕಂಡದ್ದು ಬಹಳ ಕಡಿಮೆ. ಇಂಟರ್‌ವಲ್ ಆದ ಮೇಲೆ ಮುಕ್ಕಾಲು ಗಂಟೆ ಹೇಗೋ ಕೂರುತ್ತೇನೆ. ಆಮೇಲೆ ಪರದೆಯ ಮೇಲೆ ಯಾರಾದರೂ ಕೆಮ್ಮುತ್ತಾರೆ, ಇಲ್ಲವೇ ಒಂದು ಕಾಗದ ಬರುತ್ತದೆ, ಇಲ್ಲವೇ ಅಲ್ಲಿಯವರೆಗೆ ತಮ್ಮ ಪಾಡಿಗೆ ತಾವಿದ್ದ ಪಿಟೀಲುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ನನ್ನ ಅಂಗೈ ಬೆವರುತ್ತದೆ. ನಾಲ್ಕು ಜನರ ಕಾಲು ತುಳಿದು ಹೊರಗೆ ಬಂದು, ಎದುರಿನ ಟೀ ಅಂಗಡಿಯಲ್ಲಿ ಆಟ ಬಿಡುವ ತನಕ ಕೂತು, ಬಿಟ್ಟ ಮೇಲೆ ಜನರೊಂದಿಗೆ ಸೇರಿಕೊಂಡು ಕಣ್ಣುಜ್ಜುತ್ತ ಮನೆಗೆ ನಡೆಯುತ್ತೇನೆ. ಕತ್ತಲಿನಿಂದ ಸಂಜೆಬಿಸಿಲಿಗೆ ಬಂದವರೆಲ್ಲ ಕಣ್ಣುಜ್ಜುತ್ತಾರೆ. ಯಾರು ಕೊನೆ ನೋಡಿದವರು, ಯಾರು ಟೀ ಕುಡಿದವರು ಎಂದು ಗುರುತಿಸಲಾಗದು.

ಇಂಥವನು ಮನೆಯ ಸಿನಿಮಾ ಪರೀಕ್ಷಕನಾದದ್ದು ಹೇಗೆ ಎಂದು ನೀವು ಕೇಳಬಹುದು. ತಪ್ಪು ನನ್ನ ಉದ್ಯೋಗದ್ದು. ನಾನು ಬೋಡಿಯ ಒಂದು ಏಲಕ್ಕಿ ಮಂಡಿಯಲ್ಲಿ ಮಾದರಿ ನೋಡುವ ಗುಮಾಸ್ತ. ಬೆಟ್ಟದ ಮೇಲಿನ ತೋಟಗಳಿಂದ ಮೂಟೆ ಇಳಿದರೆ ಅದನ್ನು ಸುರಿದು ನೋಡುವ ಪದ್ಧತಿಯಿಲ್ಲ. ಬಾಯಿ ಬಿಚ್ಚಿ, ಮೊಣಕೈಯವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಬೇಕು. ಹಸಿರು ದಪ್ಪ ಕಾಯಿ ಒಂದನೇ ತರ, ನಡುವಿನದು ಎರಡನೇ ತರ, ಬಾಯಿ ಬಿಟ್ಟದ್ದು ಮೂರನೇ ತರ. ಹಿಡಿ ಹೇಗೋ ಮೂಟೆ ಹಾಗೆ. ಈ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ. ನಮ್ಮ ಅಜ್ಜಿ ಅದೇ ಹೆಸರನ್ನು ಸಿನಿಮಾಕ್ಕೂ ಹೊಂದಿಸಿದಳು. ಒಂದನೇ ತರವಾದರೆ ಮನೆಯ ಹೆಂಗಸರೆಲ್ಲ ಗಾಡಿ ಕಟ್ಟಿಕೊಂಡು ಹೋಗಬಹುದು; ಎರಡನೇ ತರವಾದರೆ ಮದುವೆಯಾದವರು ಮಾತ್ರ; ಮೂರನೆಯದಾದರೆ ಆ ಸಿನಿಮಾದ ಹೆಸರನ್ನೂ ಮನೆಯಲ್ಲಿ ಎತ್ತಬಾರದು. ನಾನು ಸಿನಿಮಾಕ್ಕೂ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಿದ್ದೆ, ಅಷ್ಟೆ. ಮೋಸವೆಂದು ನನಗೆ ಅನ್ನಿಸಿರಲಿಲ್ಲ.

ನನ್ನ ಅಭಿಪ್ರಾಯಗಳು ತೀರ ಕಳಪೆಯೂ ಅಲ್ಲ. ಮೂರು ವರ್ಷದ ಹಿಂದೆ ಒಂದು ಕತ್ತಿವರಸೆಯ ಚಿತ್ರ ಬಂದಿತ್ತು. ಹನ್ನೆರಡು ವರ್ಷ ನೆಲಮಾಳಿಗೆಯಲ್ಲಿ ಸೆರೆಯಿದ್ದ ರಾಜಕುಮಾರ ಆಗತಾನೇ ಕ್ಷೌರ ಮಾಡಿಸಿಕೊಂಡವನಂತೆ ಹೊರಬರುತ್ತಾನೆ. ಕೋಟೆಯ ಗೋಡೆಗೆ ಒರಗಿದರೆ ಕೋಟೆಯೇ ಅಲ್ಲಾಡುತ್ತದೆ. ಎರಡನೇ ತರ ಎಂದೆ. ಒಂದು ಭಕ್ತಿಯ ಚಿತ್ರಕ್ಕೆ ಒಂದನೇ ತರ ಕೊಟ್ಟೆ, ದೇವರ ಕೊರಳಿನ ಹಾವು ಪಾಪ ಹಗಲಿಡೀ ದೀಪದ ಬಿಸಿಯಲ್ಲಿ ದಣಿದು ಹೋಗಿದ್ದರೂ. ಇನ್ನೊಂದು ಬೆಟ್ಟದ ಎಸ್ಟೇಟಿನ ಕಥೆ. ನಾಯಕ ಉಣ್ಣೆಯ ಕೋಟು ಹಾಕಿಕೊಂಡು ಏಲಕ್ಕಿ ಗಿಡಗಳ ನಡುವೆ ಮಳೆಯಲ್ಲಿ ಮೂರು ಹಾಡು ಹಾಡುತ್ತಾನೆ. ಮೂರು ಹಾಡಿಗೂ ಒಂದು ಜಿಗಣೆಯೂ ಹತ್ತುವುದಿಲ್ಲ. ನಮ್ಮ ಕಡೆ ಬೆಟ್ಟ ಹತ್ತಿದವರು ಯಾರೂ ಅದನ್ನು ಕ್ಷಮಿಸಲಾರರು. ನಮ್ಮ ಮಂಡಿಯಲ್ಲಿ ತೂಕ ನೋಡುವ ಚಿನ್ನಸಾಮಿ ಎರಡನೇ ಹಾಡಿಗೇ ಎದ್ದು ಬಂದನಂತೆ. ಮೂರನೇ ತರ.

ತೊಂದರೆ ಇದ್ದದ್ದು ಕೊನೆಗಳಲ್ಲಿ. ಮನೆಗೆ ಹೋದರೆ ಅಜ್ಜಿ ಜಗಲಿಯಲ್ಲಿ ಕೂತು, "ಪಡ ಹೆಂಗಾತು, ಮೊದ್ಲಿಂದ ಹೇಳ್ಲಾ" ಎನ್ನುವಳು. ಪಡ ಎಂದರೆ ನಮ್ಮ ಮನೆಮಾತಿನಲ್ಲಿ ಸಿನಿಮಾ. ಸಿನಿಮಾ ಮಾತಾಡುವುದು ತಮಿಳು, ನಾನು ಹೇಳುವುದು ನಮ್ಮ ಕನ್ನಡ. ಈ ದಾಟುವಿಕೆಯಲ್ಲಿ ಬೇಕಾದಷ್ಟು ಸಂದು ಇರುತ್ತದೆ. ಕೊನೆಯನ್ನು ನಾನು ದಾರಿಯಲ್ಲಿ ನಡೆಯುತ್ತಲೇ ಕಟ್ಟಿಕೊಳ್ಳುತ್ತಿದ್ದೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಒಂದು ಚಿತ್ರಕ್ಕೆ ಅಜ್ಜಿಗೆ ಹೇಳಿದ ಕೊನೆಯಲ್ಲಿ ಇಬ್ಬರೂ ಬಾವಿಕಟ್ಟೆಯ ಮೇಲೆ ತಬ್ಬಿಕೊಂಡರು. ಚಿನ್ನಸಾಮಿಗೆ ಹೇಳಿದ ಕೊನೆಯಲ್ಲಿ ಅಣ್ಣ ಕೋರ್ಟಿಗೆ ಹೋದ. ಹೆಂಡತಿ ರಂಗಮ್ಮನಿಗೆ ಏನು ಹೇಳಿದೆನೋ ನೆನಪಿಲ್ಲ, ಅವಳಿಗೆ ನೆನಪಿದೆ. ಒಂದು ವರ್ಷವಾದ ಮೇಲೆ ಕಂಬಮ್ ಊರಿನ ಸಂಬಂಧಿಕನೊಬ್ಬ ನಿಜವಾದ ಕೊನೆ ಹೇಳಿದಾಗ ನಾನು ಅವನೊಡನೆ ಜಗಳಕ್ಕೇ ನಿಂತೆ. ಬಾವಿಕಟ್ಟೆ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅದರ ಪಾಚಿ ಕೂಡ. ಅಂದಿನಿಂದ ನನ್ನ ನೆನಪುಗಳನ್ನು ನಾನು ಪರಿಚಯದ ಸುಳ್ಳುಗಾರನೊಬ್ಬನಂತೆ ನಡೆಸಿಕೊಳ್ಳುತ್ತೇನೆ: ಕೂರಿಸುತ್ತೇನೆ, ಮಾತಾಡಿಸುತ್ತೇನೆ, ಸಾಕ್ಷಿಗೆ ಕರೆಯುವುದಿಲ್ಲ. ಈ ಪ್ರಬಂಧವನ್ನೂ ನೀವು ಹಾಗೆಯೇ ಓದುವುದು ಒಳ್ಳೆಯದು.

ಎರಡು ವರ್ಷದ ಹಿಂದೆ ನನ್ನ ತಂಗಿ ನಾಗು ಏಳು ತಿಂಗಳ ಬಸುರಿಯಾಗಿ ಗೂಡಲೂರಿನ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಚೊಚ್ಚಲು. ನಮ್ಮ ಮನೆಯಲ್ಲಿ ಹೆರಿಗೆ ಎಂದರೆ ಸಂತೋಷಕ್ಕಿಂತ ಮೊದಲು ಮೌನ. ನಾಗುವನ್ನು ಹೆತ್ತ ದಿನವೇ ನಮ್ಮ ಅವ್ವ ತೀರಿಹೋದಳು. ನಮ್ಮಿಬ್ಬರನ್ನೂ ಬೆಳೆಸಿದವಳು ಅಜ್ಜಿ. ನಾನು ಸಿನಿಮಾಗಳ ಕೊನೆ ನೋಡದಿರುವುದಕ್ಕೆ ಇದೇ ಕಾರಣ ಎಂದು ಇಲ್ಲಿ ಬರೆದರೆ ಓದುವವರು ತಲೆದೂಗುತ್ತಾರೆ, ನನಗೂ ಮರ್ಯಾದೆ. ಆದರೆ ನನಗೆ ಆಗ ಐದು ವರ್ಷ. ಆ ದಿನದ್ದೆಂದು ನನ್ನಲ್ಲಿ ಉಳಿದಿರುವುದು ಯಾರೋ ಕೈಯಲ್ಲಿಟ್ಟ ಒಂದು ಅಚ್ಚು ಬೆಲ್ಲ, ಅದನ್ನು ಪೂರ್ತಿ ನನಗೇ ಬಿಟ್ಟರಲ್ಲ ಎಂಬ ಆಶ್ಚರ್ಯ. ಅದೂ ಬೇರೆ ಯಾವ ದಿನದ್ದೋ ಇರಬಹುದು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅಜ್ಜಿ ಮಾವಿನಕಾಯಿ ತರಿಸಿದಳು, ಹುಣಸೆ ತರಿಸಿದಳು, ಕುಮುಳಿಯ ದಾರಿಯಿಂದ ಯಾವುದೋ ಹುಳಿ ಹಣ್ಣನ್ನೂ ತರಿಸಿದಳು. ನಾಗು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಹೇಳಿದಳು:

"ನಂಗೆ ಪಡ ನೋಡ್ಬೇಕು ಅಜ್ಜಿ. ಆ ಗಾಡಿ ಪಡ."

ಗಾಡಿ ಪಡ ಆಗ ಬೋಡಿಯಲ್ಲಿ ಓಡುತ್ತಿತ್ತು. ಮುರಿದ ಗಾಲಿಯ ಪಕ್ಕ ತಲೆ ಎತ್ತಿ ಆಕಾಶ ನೋಡುತ್ತ ಕೂತ ಹೆಂಗಸಿನ ಪೋಸ್ಟರು ಊರಿನ ಎಲ್ಲ ಗೋಡೆಗಳ ಮೇಲೂ ಇತ್ತು. ಅಜ್ಜಿಗೆ ಇಕ್ಕಟ್ಟಾಯಿತು. ಕಳಿಸದಿದ್ದರೆ ಕಿವಿ. ಕಳಿಸಿದರೆ, ಏಳು ತಿಂಗಳ ಬಸುರಿ ಸಾವು ನೋಡಬಾರದು, ಪರದೆಯ ಮೇಲಿನದಾದರೂ ಸರಿ. ಅವಳು ನನ್ನನ್ನು ಕರೆದಳು.

"ನೀ ಮೊದ್ಲು ಹೋಗಿ ನೋಡ್ಕೊಂಡು ಬಾಲಾ. ಪಡದಾಗೆ ಯಾರಾನ ಸತ್ರೆ ನಾಗು ಹೋಗೋದು ಬ್ಯಾಡ. ನಾಯಿ ಸತ್ರೂ ಬ್ಯಾಡ."

"ಕೆಟ್ಟೋನು ಸತ್ರೆ ಅಜ್ಜಿ?"

ಅಜ್ಜಿ ಸ್ವಲ್ಪ ಯೋಚಿಸಿದಳು. "ಕೆಟ್ಟೋನು ಸತ್ರೆ ಪರವಾಗಿಲ್ಲ. ಆದ್ರೆ ಕಿರುಚ್ದಂಗೆ ಸಾಯ್ಬೇಕು."

ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋದೆ. ಈ ಸಲ ಕೊನೆಯವರೆಗೂ ಕೂರುವುದೆಂದು ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಮೊದಲರ್ಧ ಚೆನ್ನಾಗಿತ್ತು. ಅತ್ತೆ ಸೊಸೆಯನ್ನು ಹೊರಗೆ ಹಾಕುತ್ತಾಳೆ, ಸೊಸೆ ತುಂಬು ಬಸುರಿ, ತವರಿಗೆ ಗಾಡಿಯಲ್ಲಿ ಹೊರಡುತ್ತಾಳೆ, ಮಳೆ ಹಿಡಿಯುತ್ತದೆ. ಗಾಡಿ ಹಳ್ಳಕ್ಕಿಳಿಯುತ್ತಿದ್ದಂತೆ ಪಿಟೀಲುಗಳು ಎದ್ದವು. ಗಾಲಿ ಮುರಿಯಿತು. ಅವಳು ಹೊಟ್ಟೆ ಹಿಡಿದುಕೊಂಡು ಒಂದು ಸಲ ಕೂಗಿದಳು. ಮುಂದಿನದು ನನಗೆ ಗೊತ್ತಿಲ್ಲ. ಟೀ ಅಂಗಡಿಯವನು ಲೋಟ ಇಡುತ್ತಿದ್ದ.

ಆಟ ಬಿಟ್ಟಾಗ ಹೊರಬಂದವರ ಮುಖಗಳನ್ನು ಏಲಕ್ಕಿಯಂತೆ ಹರಡಿಕೊಂಡು ನೋಡಿದೆ. ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಆದರೆ ತಗಡಿನ ಮಾಡಿನ ಕೆಳಗೆ ಮೂರು ಗಂಟೆ ಕೂತವರು ಬೆವರನ್ನೂ ಹಾಗೆಯೇ ಒರೆಸಿಕೊಳ್ಳುತ್ತಾರೆ. ಇಬ್ಬರು ನಗುತ್ತಿದ್ದರು. ಇಬ್ಬರು ನಗುವ ಸಿನಿಮಾದಲ್ಲಿ ಬಾಣಂತಿ ಸಾಯಲಾರಳು ಎಂದು ತೀರ್ಮಾನಿಸಿ ಮನೆಗೆ ನಡೆದೆ.

"ಯಾರಾನ ಸತ್ರಾ?" ಅಜ್ಜಿ ಬಾಗಿಲಲ್ಲೇ ಕೇಳಿದಳು.

"ಇಲ್ಲಜ್ಜಿ. ಒಂದೆತ್ತು ವಸಿ ಕುಂಟ್ತದೆ. ಆಮ್ಯಾಕೆ ಸರಿಯಾಗ್ತದೆ."

"ಪುಳ್ಳೆ?"

"ಗಂಡು ಪುಳ್ಳೆ. ದಪ್ಪಗೈತೆ."

ಪುಳ್ಳೆ ಎಂದರೆ ಮಗು. ಅದನ್ನು ಗಂಡು ಎಂದದ್ದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಂದು ಸುಳ್ಳು ಒಂಟಿಯಾಗಿ ನಿಂತರೆ ಚಳಿಯಾದೀತು ಎಂದು ಇನ್ನೊಂದನ್ನು ಹೊದಿಸುವ ಅಭ್ಯಾಸ. ಅಜ್ಜಿ ಕೈಮುಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಂಗಮ್ಮ, "ಕಡೇಲಿ ಯಾವ ಹಾಡು ಬಂತು?" ಎಂದು ಕೇಳಿದಳು. ಹಾಡೇ ಇಲ್ಲ ಎಂದೆ. "ಹಾಡಿಲ್ದೆ ಪುಳ್ಳೆ ಹುಟ್ತಾ" ಎಂದು ಒಳಗೆ ಹೋದಳು. ನಾಗು ಮಾತ್ರ ಏನೂ ಕೇಳಲಿಲ್ಲ. ನನ್ನನ್ನೇ ನೋಡುತ್ತ ಹುಣಸೆಬೀಜ ಎಣಿಸುತ್ತಿದ್ದಳು. ಬುಧವಾರದ ಮಧ್ಯಾಹ್ನದ ಆಟಕ್ಕೆ ಗಾಡಿ ಕಟ್ಟುವುದೆಂದು ನಿಶ್ಚಯವಾಯಿತು. ಗುರುವಾರವೂ ಇರಬಹುದು; ಬುಧವಾರ ಎಂದರೆ ನನ್ನ ಸಂಕಟಕ್ಕೆ ಸರಿಯಾಗಿ ಮೂರು ದಿನ ಸಿಗುತ್ತದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಸೋಮವಾರ ಮಂಡಿಯಲ್ಲಿ ಮೂಟೆಗೆ ಕೈ ಇಳಿಸಿದಾಗ ನನಗೆ ಮೊದಲ ಸಲ ಹೊಳೆಯಿತು: ಮೇಲಿನ ಹಿಡಿ ಹಸಿರಾಗಿದ್ದು ಅಡಿಯಲ್ಲಿ ಹೊಟ್ಟು ತುಂಬಿದ ಮೂಟೆಗಳನ್ನು ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ಕೈ ಹಾಗೇ ನಿಂತಿತು. ಅವಳು ಸತ್ತಿದ್ದರೆ? ನಾಗು ಕತ್ತಲಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಅವ್ವನಿಗೆ ಆದದ್ದನ್ನು ಅಷ್ಟು ದೊಡ್ಡ ಪರದೆಯ ಮೇಲೆ ನೋಡಿ, ಅಲ್ಲೇ ಏನಾದರೂ ಆದರೆ?

ಚಿನ್ನಸಾಮಿ ಆ ಸಿನಿಮಾ ನೋಡಿದ್ದ. "ತಾಯಿ ಹೋಗ್ತಾಳೆ, ತಂದೆ ಪುಳ್ಳೇನ ಎತ್ಕೊಂಡು ಹಾಡ್ತಾನೆ," ಎಂದ. ವೇದಸಂದೂರಿನಿಂದ ಬಂದಿದ್ದ ದಲ್ಲಾಳಿಯೊಬ್ಬ ಅದನ್ನು ಒಪ್ಪಲಿಲ್ಲ: ಸಾಯುವುದು ಗಂಡ, ಅವಳು ಬಿಳಿ ಸೀರೆ ಉಟ್ಟು ಮಗನನ್ನು ಓದಿಸುತ್ತಾಳೆ. ಕಾವಲುಗಾರ ಇಬ್ಬರನ್ನೂ ಬೈದು, ಯಾರೂ ಸಾಯುವುದಿಲ್ಲ, ಕೊನೆಯಲ್ಲಿ ದೊಡ್ಡ ಮದುವೆ ಎಂದ. ನನಗೆ ಜೀವ ಬಂತು. ವಿಚಾರಿಸಿದರೆ ಅವನು ನೋಡಿದ್ದು ತೇನಿಯಲ್ಲಿ ಬೇರೊಂದು ಸಿನಿಮಾ. ಥಿಯೇಟರಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕ ಕೊಂಡೆ. ಅದರ ಹಿಂದೆ ಕಥಾಸಾರ ಇರುತ್ತದೆ. ಗಾಡಿ, ಮಳೆ, ಹಳ್ಳ ಎಲ್ಲವನ್ನೂ ವಿವರವಾಗಿ ಹೇಳಿ, ಕೊನೆಯಲ್ಲಿ ಆ ಪುಣ್ಯಾತ್ಮ ಬರೆದಿದ್ದ: ಆ ಅಬಲೆಯ ಗತಿ ಏನಾಯಿತು, ಶಿಶು ಬದುಕಿತೇ, ಉಳಿದುದನ್ನು ಬೆಳ್ಳಿತೆರೆಯಲ್ಲಿ ಕಾಣಿರಿ. ಮಂಗಳವಾರ ತಲೆನೋವೆಂದು ಹೇಳಿ ಮಂಡಿಯಿಂದ ತಪ್ಪಿಸಿಕೊಂಡು ಹೋಗಿ ಕೂತೆ. ಗಾಲಿ ಮುರಿಯಿತು. ನಾನು ಎದ್ದೆ.

ಅಜ್ಜಿಗೆ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಲೆಂದು ಎರಡು ಸಲ ಜಗಲಿಯವರೆಗೆ ಹೋದೆ. ಒಂದು ಸಲ ಅವಳು ನಿದ್ದೆ ಮಾಡುತ್ತಿದ್ದಳು. ಇನ್ನೊಂದು ಸಲ ಪಕ್ಕದ ಮನೆಯವಳಿಗೆ, ನಮ್ಮ ಹುಡುಗ ನೋಡಿ ಹೇಳಿದ ಮೇಲೆ ಮುಗಿಯಿತು ಎನ್ನುತ್ತಿದ್ದಳು. ಅದನ್ನು ಕೇಳಿದ ಮೇಲೆ ನಾನು ಹೇಳಲಿಲ್ಲ. ಇದರಲ್ಲಿ ನನ್ನ ತಂಗಿಯ ಪ್ರಾಣಕ್ಕಿಂತ ನನ್ನ ಹೆಸರನ್ನು ದೊಡ್ಡದಾಗಿ ಎಣಿಸಿದೆ ಎಂಬುದು ಸ್ಪಷ್ಟವಾಗಿಯೇ ಇದೆ. ಇದೊಂದು ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ.

ಬುಧವಾರ ಅಜ್ಜಿ, ರಂಗಮ್ಮ, ನಾಗು ಮೂವರೂ ಹುಲ್ಲು ಹಾಸಿದ ಗಾಡಿಯಲ್ಲಿ ಹೊರಟರು. ನಾನು ಮಂಡಿಯಲ್ಲಿ ಗಡಿಯಾರ ನೋಡುತ್ತಿದ್ದೆ. ಎರಡೂವರೆಗೆ ಆಟ ಶುರು. ನಾಲ್ಕಕ್ಕೆ ಇಂಟರ್‌ವಲ್. ಗಾಲಿ ಮುರಿಯುವುದು ಅದಾಗಿ ಮುಕ್ಕಾಲು ಗಂಟೆಗೆ ಸರಿಯಾಗಿ, ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕೂವರೆಗೆ ಬಿಚ್ಚಿದ ಮೂಟೆಯನ್ನು ಹಾಗೇ ಬಿಟ್ಟು ಓಡಿದೆ. ಹೆಂಗಸರ ಕಡೆಯ ಬಾಗಿಲು ಬೇರೆ. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮುದುಕನಿಗೆ, ಒಳಗೆ ನನ್ನ ತಂಗಿ ಇದ್ದಾಳೆ, ಬಸುರಿ, ತಕ್ಷಣ ಹೊರಗೆ ಕರೆಯಬೇಕು ಎಂದು ತಮಿಳಿನಲ್ಲಿ ಏದುಸಿರಿನಲ್ಲಿ ಹೇಳಿದೆ. ಅವನು ಬೀಡಿ ಕೆಳಗಿಡದೆ, "ಈ ಪಡಕ್ಕೆ ಬಸುರಿಯರೇ ಬರುವುದು ತಂಬಿ. ಒಳಗೆ ಹತ್ತು ಹನ್ನೊಂದು ಜನ ಇದ್ದಾರೆ. ಯಾರನ್ನ ಕರೀಲಿ?" ಎಂದ.

ಗಂಡಸರ ಕಡೆಯಿಂದ ನುಗ್ಗಿದೆ. ಪಿಟೀಲುಗಳು ಆಗಲೇ ಎದ್ದಿದ್ದವು. ಎರಡು ಕಡೆಗಳ ನಡುವೆ ಎದೆಮಟ್ಟದ ಗೋಡೆ. ಅದಕ್ಕೆ ಒರಗಿ ನಿಂತು ನಾಗುವನ್ನು ಹುಡುಕಿದೆ. ಮೂರನೇ ಸಾಲಿನಲ್ಲಿ, ಅಜ್ಜಿ ಮತ್ತು ರಂಗಮ್ಮನ ನಡುವೆ ಇದ್ದಳು. ಗಾಲಿ ಮುರಿದ ಸದ್ದು ಕೇಳಿತು. ಆಮೇಲಿನ ಸಿನಿಮಾವನ್ನು ನಾನು ಅವಳ ಮುಖದ ಮೇಲೆ ನೋಡಿದೆ. ಪರದೆ ಬೆಳಗಿದಾಗ ಮುಖ ಬೆಳಗುತ್ತಿತ್ತು, ಪರದೆ ಕಪ್ಪಾದಾಗ ಇರುತ್ತಿರಲಿಲ್ಲ. ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ತುಟಿ ಬಿಗಿದು, ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ನಡುನಡುವೆ ಮುಖವನ್ನು ಶಾಂತ ಮಾಡಿಕೊಂಡು ಅಜ್ಜಿಯ ಕಿವಿಗೆ ಬಾಗಿ ಏನೋ ಹೇಳುತ್ತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಅವಳಿಗೆ ಪರದೆಯ ಮೇಲೆ ಬೆಳಕು ಓಡಾಡುವುದಷ್ಟೇ ಕಾಣುತ್ತಿತ್ತು, ಮಾತೂ ಅರ್ಧ ಕೇಳುತ್ತಿರಲಿಲ್ಲ. ನಾಗು ಹೇಳಿದ್ದಕ್ಕೆಲ್ಲ ಅಜ್ಜಿ ತಲೆಯಾಡಿಸಿ ನಗುತ್ತಿದ್ದಳು. ಹಿಂದಿನವನು, "ತಲೆ ತಗ್ಗಿಸಯ್ಯ, ಗೋಡೆ ಕಡೆ ಏನ್ ನೋಡ್ತೀಯ" ಎಂದು ನನ್ನ ಬೆನ್ನಿಗೆ ಗುದ್ದಿದ. ದೀಪ ಹತ್ತಿತು. ನಾನು ಕೊನೆ ನೋಡಿರಲಿಲ್ಲ.

ಹೊರಗೆ ಗಾಡಿಯ ಬಳಿ ಹೋಗಿ, ಆ ಕಡೆ ಏನೋ ಕೆಲಸವಿದ್ದು ಬಂದವನಂತೆ ನಿಂತೆ. ಅಜ್ಜಿಯನ್ನು ಹತ್ತಿಸುವಾಗ ಅವಳು ನನ್ನ ಕೆನ್ನೆ ಸವರಿ, "ನೀ ಹೇಳ್ದಂಗೇ ಇತ್ತು ಕಣ್ಲಾ. ಗಂಡು ಪುಳ್ಳೆ. ಕಡೇಲಿ ಎಲ್ರೂ ಸಂತೋಷಕ್ಕೆ ಅತ್ಬುಟ್ರು" ಎಂದಳು. ರಂಗಮ್ಮ ನನ್ನ ಕಡೆ ನೋಡದೆ, "ಎತ್ತಿನ ಕಾಲೂ ಸರಿಹೋತು" ಎಂದಳು. ಕೂತು ಕಾಲು ಜೋಮು ಹಿಡಿದಿದೆ, ಸ್ವಲ್ಪ ದೂರ ನಡೆಯುತ್ತೇನೆ ಎಂದು ನಾಗು ಗಾಡಿಯ ಹಿಂದೆ ನನ್ನೊಡನೆ ಬಂದಳು. ಕೈಕಾಲು ಸರಿಯಾಗಿದ್ದವು. ಉಸಿರು ಸರಿಯಾಗಿತ್ತು. ನಾನು ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದೆ, ತುಂಬಿದ ಕೊಡ ಹೊತ್ತವರ ಪಕ್ಕ ನಡೆಯುವಂತೆ.

"ಅಣ್ಣ, ನೀ ಕಡೆ ನೋಡ್ಲಿಲ್ಲ ಅಲ್ವಾ," ಎಂದಳು.

ನಾನು ಗಾಡಿಯ ಗಾಲಿಯನ್ನೇ ನೋಡಿಕೊಂಡು ನಡೆದೆ.

"ಅವಳು ಹೋಗ್ತಾಳೆ. ಪುಳ್ಳೆ ಉಳೀತದೆ. ಹೆಣ್ಣು."

"ನಾಗು, ನಂಗೆ ಗೊತ್ತಿರ್ಲಿಲ್ಲ..."

"ನಂಗೆ ಗೊತ್ತಿತ್ತು. ಗೂಡಲೂರಾಗೆ ಪಕ್ಕದ್ಮನೆಯೋಳು ಎಲ್ಲಾ ಹೇಳಿದ್ಲು. ಅದಕ್ಕೇ ಈ ಪಡ ಕೇಳ್ದೆ." ಸ್ವಲ್ಪ ದೂರ ನಡೆದು ಅವಳೇ ಮತ್ತೆ ಹೇಳಿದಳು: "ಅವ್ವ ಹೆಂಗೆ ಹೋದ್ಲು ಅಂತ ನಂಗೆ ಯಾರೂ ಹೇಳಿಲ್ಲ ಅಣ್ಣ. ನಾ ಒಳಗೆ ಬಂದ್ರೆ ಎಲ್ರೂ ಬಾಯಿ ಮುಚ್ಕೊಂತೀರ. ದಿನಾ ಅದೇ ನೆನ್ಸ್ಕೊಂಡು ಮಲಗ್ತಿದ್ದೆ. ಒಂದ್ಸಲ ಪೂರ್ತಿ ನೋಡ್ಬೇಕಿತ್ತು. ನೋಡ್ದೆ. ಆಮ್ಯಾಕೆ ದೀಪ ಹತ್ತಿಸ್ತಾರೆ, ಎದ್ದು ಬರ್ಬೋದು. ಅಷ್ಟೇ ನೋಡು."

"ನಾ ಹೋಗ್ಬ್ಯಾಡ ಅಂದಿದ್ರೆ?"

"ನೀ ಅನ್ನಲ್ಲ ಅಂತ ಗೊತ್ತಿತ್ತು. ನೀ ಯಾವ ಪಡ ತಾನೇ ಕಡೇವರ್ಗೂ ನೋಡಿದ್ದೀಯ? ಅತ್ತಿಗೆ ನನ್ ಮದುವೆಗೆ ಮುಂಚೆನೇ ನಂಗೆ ಹೇಳಿದ್ಲು."

ಗಾಡಿಯ ಮೇಲಿನಿಂದ ರಂಗಮ್ಮ, ಬಸುರಿಯನ್ನು ಅಷ್ಟು ದೂರ ನಡೆಸುವುದೇ ಎಂದು ಕೂಗಿದಳು. ನಾಗುವನ್ನು ಹತ್ತಿಸಿದೆವು. ನಾನು ಮಂಡಿಗೆ ಹಿಂದಿರುಗಲೂ ಇಲ್ಲ, ಗಾಡಿ ಹತ್ತಲೂ ಇಲ್ಲ.

ಎರಡು ತಿಂಗಳಾದ ಮೇಲೆ ನಾಗು ಹೆತ್ತಳು. ಬೆಳಗಿನ ಜಾವಕ್ಕೆ ನೋವು ಶುರುವಾಗಿ ಮಧ್ಯಾಹ್ನದವರೆಗೂ ಎಳೆಯಿತು. ನಾನೊಬ್ಬನೇ ಬಾಗಿಲಾಚೆ ಅಲುಗದೆ ಕೂತಿದ್ದೆ ಎಂದು ನನಗೆ ನೆನಪು. ನಾನು ಮಂಡಿಯಲ್ಲಿದ್ದೆ, ಬಂದು ಕರೆದುಕೊಂಡು ಹೋಗಬೇಕಾಯಿತು ಎಂದು ರಂಗಮ್ಮನಿಗೆ ನೆನಪು. ಮಗು ಹೆಣ್ಣು. ಅಜ್ಜಿ ಅದನ್ನು ಮುಖದ ಹತ್ತಿರ ಹಿಡಿದು ನೋಡಿ, ಗಂಡು ಎಂದಿದ್ದೆಯಲ್ಲ ಎಂಬಂತೆ ನನ್ನ ಕಡೆ ತಿರುಗಿದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಕಿವಿಯೂ ಸೋರಲಿಲ್ಲ.

ಈಗ ನಮ್ಮ ಮನೆಯಲ್ಲಿ ಸಿನಿಮಾಕ್ಕೆ ಮೊದಲು ಹೋಗುವವಳು ನಾಗು. ಇದು ಯಾವಾಗ ಬದಲಾಯಿತು, ಯಾರು ಹೇಳಿ ಬದಲಾಯಿತು ಎಂದು ಗೊತ್ತಾಗಲಿಲ್ಲ. ಅಜ್ಜಿ ಏನೂ ಹೇಳಿಲ್ಲ, ಯಾರೂ ನನ್ನನ್ನು ತೆಗೆದುಹಾಕಿಲ್ಲ. ತವರಿಗೆ ಬಂದಾಗಲೆಲ್ಲ ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ, ಪೂರ್ತಿ ನೋಡಿ, ಬಂದು ತೀರ್ಪು ಕೊಡುತ್ತಾಳೆ. ಹೆಂಗಸರಿಗೆಲ್ಲ ಎಲ್ಲ ಸಿನಿಮಾವೂ ಆಗುತ್ತದಂತೆ. ತೀರ್ಪು ಬೇಕಾಗಿರುವುದು ನನಗೊಬ್ಬನಿಗೆ. ಕಳೆದ ವಾರ ತೊಟ್ಟಿಲು ತೂಗುತ್ತ, "ಇದು ನೀ ನೋಡ್ಬೋದು ಅಣ್ಣ. ಯಾರೂ ಸಾಯಲ್ಲ. ಧೈರ್ಯವಾಗಿ ಕೂತ್ಕೋ" ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಶಾಂತವಾಗಿತ್ತು, ಪ್ರೀತಿಯಿತ್ತು, ಒಂದು ಗೆರೆಯೂ ಅಲುಗಲಿಲ್ಲ. ಅಂದು ಕತ್ತಲಲ್ಲಿ ಅಜ್ಜಿಯ ಕಿವಿಗೆ ಬಾಗಿ ಗಂಡು ಪುಳ್ಳೆ ಎಂದಾಗಲೂ ಮುಖ ಹೀಗೆಯೇ ಇತ್ತು. ನಾನು ಇನ್ನೂ ಹೋಗಿಲ್ಲ.